ಮೂವತ್ತೆರಡು ಆವರ್ತನದ ಹಾಡುಗಾರ್ತಿ

ಟೇಲರ್
20 ಆಗಸ್ಟ್ 2025

ವಿಜಯಾ ಆಂಟಿಗೆ ವೈಷ್ಣವಿಯ ನಮಸ್ಕಾರ.

ನಿಮ್ಮ ಅಪ್ಪಣೆಯಂತೆ ಕಾಗದದ ಮೇಲೆ ಬರೆಯುತ್ತಿದ್ದೇನೆ. ಪ್ರಹ್ಲಾದ್ ಅಂಕಲ್ ಮನೆಯ ಪುಳಿಯೋಗರೆಗೆ ಉಪ್ಪು ಜಾಸ್ತಿ ಎಂದು ನನಗೊಬ್ಬಳಿಗೆ ಕಳಿಸಬೇಕಾದದ್ದು ಕನ್ನಡ ಬಳಗದ ಮುನ್ನೂರು ಜನರ ಗುಂಪಿಗೆ ಹೋದ ಮೇಲೆ ನೀವು ಫೋನಿನಲ್ಲಿ ಬರೆಯುವುದನ್ನೇ ಬಿಟ್ಟಿರಿ. ನಿಮ್ಮಿಂದಾಗಿ ಟೆಕ್ಸಾಸಿನ ಈ ಟೇಲರ್ ಊರಿನ ಪೋಸ್ಟ್ ಆಫೀಸಿನವರಿಗೆ ನನ್ನ ಮುಖ ಪರಿಚಯವಾಗಿದೆ.

ಆಂಟಿ, ಇವತ್ತು ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ! ಕೇಳಿ. ನಾನು ಇಲ್ಲಿನ ಹಿರಿಯರ ಹೋಮಿನಲ್ಲಿ ಸ್ಪೀಚ್ ಥೆರಪಿಸ್ಟ್ ಅಂತ ಸೇರಿ ಎರಡು ತಿಂಗಳಾಯಿತಲ್ಲ. ಉಸಿರಿನ ಶಕ್ತಿ ನೋಡಲು ಎಲ್ಲರಿಗೂ ಒಂದು ಪರೀಕ್ಷೆ ಇಡುತ್ತೇನೆ: ಉಸಿರು ತುಂಬಿಕೊಂಡು 'ಆ' ಎಂದು ಎಷ್ಟು ಹೊತ್ತು ಎಳೆಯುತ್ತಾರೋ ಎಳೆಯಲಿ. ಹೆಚ್ಚಿನವರು ಆರು ಸೆಕೆಂಡಿಗೆ ನಿಲ್ಲುತ್ತಾರೆ. ಇವತ್ತು ಆರ್ಲೀನ್ ಹ್ರೂಶ್ಕಾ ಎಂಬ ತೊಂಬತ್ತೆಂಟು ವರ್ಷದ ಅಜ್ಜಿ ಬಂದರು. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಗದ್ದ ಸ್ವಲ್ಪ ಎತ್ತಿ, ನನ್ನನ್ನು ಕೇಳಿದರು: "ಯಾವ ಶ್ರುತಿಯಲ್ಲಿ ಬೇಕು?"

ಹದಿನಾಲ್ಕು ಸೆಕೆಂಡ್! ಕೊನೆಯಲ್ಲಿ ಸ್ವರವನ್ನು ಒಂದಿಷ್ಟು ಬಾಗಿಸಿ, ನಡುಗಿಸಿ, ಮೆತ್ತಗೆ ಇಳಿಸಿಟ್ಟರು. ನಾನು ಧಾರವಾಡದವಳು, ಗಾಯಕಿ ಎಂದರೆ ಏನೆಂದು ಗೊತ್ತಿಲ್ಲದವಳಲ್ಲ. ಮೈ ಜುಮ್ ಎಂದಿತು.

ವಿಚಾರಿಸಿದರೆ ಇವರು 1944ರಲ್ಲಿ, ಹದಿನೇಳನೆಯ ವಯಸ್ಸಿಗೆ, ಕ್ಲೈಡ್ ಮ್ಯಾರಿನರ್ ಎಂಬವನ ಡ್ಯಾನ್ಸ್ ಬ್ಯಾಂಡಿನಲ್ಲಿ ಹಾಡುಗಾರ್ತಿ. ಹದಿನೈದು ಜನ ಊದುವವರು, ಬಾರಿಸುವವರು, ಒಬ್ಬಳೇ ಹುಡುಗಿ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಂದು ಬಸ್ಸಿನಲ್ಲಿ ತಿರುಗಿ ಎರಡು ವರ್ಷ ಹಾಡಿದ್ದಾರೆ. ಆಮೇಲೆ ಬ್ಯಾಂಡಿನ ಜೊತೆ ಒಮ್ಮೆಯೂ ಹಾಡಿಲ್ಲ. ಲೆಕ್ಕ ಹಾಕಿ, ಎಪ್ಪತ್ತೊಂಬತ್ತು ವರ್ಷ.

"ಇಲ್ಲಿ ಪಿಯಾನೊ ಇದೆಯಲ್ಲ, ಹಾಡಿ" ಎಂದೆ. ಬೇಡವೆಂದು ತಲೆ ಆಡಿಸಿಬಿಟ್ಟರು. "ಪಿಯಾನೊ ಸಾಲದಮ್ಮ. ಬೆನ್ನಿಗೆ ಟ್ರಂಪೆಟ್ಟಿನ ಗಾಳಿ ತಾಗಬೇಕು. ಸಾಯುವ ಮುಂಚೆ ಇನ್ನೊಂದು ಸಲ ತಾಗಿದರೆ ಸಾಕು" ಎಂದರು.

ಯಾರಿಗೆ ಹೇಳಲಿ? ನಿಮಗೇ ಹೇಳಬೇಕು.

ವೈಷ್ಣವಿ


ಅಲೆನ್
27 ಆಗಸ್ಟ್ 2025

ಸೌಭಾಗ್ಯವತಿ ವೈಷ್ಣವಿಗೆ ವಿಜಯಾ ಆಂಟಿಯ ಆಶೀರ್ವಾದ.

ನಿನ್ನ ಕಾಗದ ಓದಿ ಒಲೆಯ ಮೇಲಿನ ಹಾಲು ಉಕ್ಕಿಸಿದೆ. ನಮ್ಮವರು, ಅದೇ ನಿನ್ನ ತಿರುಮಲ ಅಂಕಲ್, "ಮನೆಗೆ ಶುಭ" ಎಂದರು. ಅವರೇ ಒರೆಸಿದರು.

ಹುಚ್ಚಿ, ಬ್ಯಾಂಡ್ ಎಲ್ಲಿಂದ ತರಲಿ ಎಂದು ಯೋಚನೆಯೇ? ನಮ್ಮ ಮಕ್ಕಳೆಲ್ಲ ಸ್ಕೂಲ್ ಬ್ಯಾಂಡಿನಲ್ಲಿ ಊದುವವರಲ್ಲವೇನೇ! ಟೆಕ್ಸಾಸಿನ ಹೈಸ್ಕೂಲಿನಲ್ಲಿ ಓದಿ ಕೈಯಲ್ಲಿ ಒಂದು ಕಹಳೆ ಹಿಡಿಯದ ಮಗು ಯಾರಿದ್ದಾರೆ? ಪ್ರದ್ಯುಮ್ನ ಟ್ರೊಂಬೋನ್, ಸಮರ್ಥ್ ಟ್ರಂಪೆಟ್. ಶುಕ್ರವಾರ ಸಾಯಂಕಾಲ ಫುಟ್‌ಬಾಲ್ ಮೈದಾನದಲ್ಲಿ ಊದಿ ಊದಿ ನಮ್ಮ ಕಿವಿ ತೂತು ಮಾಡಿದ್ದಾರೆ. ಈಗ ಸಾರ್ಥಕವಾಗಲಿ. ಇವರನ್ನೆಲ್ಲ ಸಾಲಾಗಿ ಕೂರಿಸಲು ಪಕ್ಕದ ಊರು ಪ್ಲೇನೋದ ಪ್ರಭಂಜನ ಇದ್ದಾನೆ. ಉಡುಪಿ ಕಡೆಯವನು, ನಮ್ಮ ಮದುವೆಗಳಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಸ್ಯಾಕ್ಸೊಫೋನ್ ನುಡಿಸುತ್ತಾನಲ್ಲ, ಅವನೇ. ಬಾಯಿಬಿಟ್ಟು ಕೇಳುವ ಮೊದಲೇ ಒಪ್ಪಿದ.

ನವೆಂಬರ್ ಎಂಟು, ಶನಿವಾರ, ಡಲ್ಲಾಸ್ ಪಕ್ಕದ ಈ ಅಲೆನ್ನಿನಲ್ಲೇ ನಮ್ಮ ಬಳಗದ ರಾಜ್ಯೋತ್ಸವ. ಕಾರ್ಯದರ್ಶಿ ಯಾರು? ನಾನು. ಮುಗಿಯಿತು. ಆರ್ಲೀನ್ ಹ್ರೂಶ್ಕಾ ಡಲ್ಲಾಸಿನಲ್ಲಿ ಹಾಡುತ್ತಾರೆ.

ಒಂದು ಮಾತು. ಅವರ ಬಗ್ಗೆ ತಿಳಿದದ್ದನ್ನೆಲ್ಲ ಬರೆ. ಏನು ಉಟ್ಟರು, ಏನು ತಿಂದರು, ಬಸ್ಸಿನಲ್ಲಿ ಎಲ್ಲಿ ಕೂರುತ್ತಿದ್ದರು, ಎಲ್ಲಾ. ಯಾವುದನ್ನೂ ಸಣ್ಣದು ಅಂತ ಬಿಡಬೇಡ. ನನಗೆ ತಡೆಯಲಾಗುತ್ತಿಲ್ಲ ಕಣೇ!

ವಿಜಯಾ ಆಂಟಿ


ಟೇಲರ್
14 ಸೆಪ್ಟೆಂಬರ್ 2025

ಆಂಟಿ, ನಮಸ್ಕಾರ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರೆಂದರೆ ನೀವೇ. ಆದರೆ ನಿಮ್ಮ ಕುಲಾವಿಯ ಸುದ್ದಿ ಹೇಳಿದಾಗ ಆರ್ಲೀನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. "ಟ್ರಂಪೆಟ್ ಎಷ್ಟು?" ಎಂಬುದೇ ಮೊದಲ ಪ್ರಶ್ನೆ. ನಾಲ್ಕಾದರೂ ಇರುತ್ತವೆ ಎಂದೆ. ಕಣ್ಣು ಒರೆಸಿಕೊಂಡರು.

ಈಗ ನೀವು ಕೇಳಿದ್ದು. ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಅವರದು, ಗಂಡಸರು ಇಸ್ಪೀಟು ಆಡುವುದು ಹಿಂದೆ. ಗೌನು ಒಂದೇ, ನೀಲಿಯದು. ಪ್ರತಿದಿನ ಹೋಟೆಲಿನ ಮೇಜಿನ ಮೇಲೆ ಟವೆಲ್ ಹಾಸಿ ತಾವೇ ಇಸ್ತ್ರಿ ಮಾಡುತ್ತಿದ್ದರು. ಹ್ರೂಶ್ಕಾ ಎಂಬ ಜೆಕ್ ಹೆಸರು ನಾಲಿಗೆಗೆ ತೊಡಕು ಎಂದು ಮ್ಯಾರಿನರ್ 'ಆರ್ಲೀನ್ ಹೇಯ್ಸ್' ಎಂದು ಬದಲಾಯಿಸಿದ. ವೇದಿಕೆಯಲ್ಲಿ ಅದನ್ನಾದರೂ ಹೇಳುತ್ತಿದ್ದನೇ? ಇಲ್ಲ. "ಈಗ ನಮ್ಮ ಪುಟ್ಟ ಹುಡುಗಿ" ಎಂದಷ್ಟೇ. ಒಂದು ರೆಕಾರ್ಡ್ ಬಂತು. ಅದರ ಚೀಟಿಯ ಮೇಲೆ ಮ್ಯಾರಿನರನ ಹೆಸರು ದಪ್ಪಕ್ಷರದಲ್ಲಿದೆ, ಕೆಳಗೆ ಸಣ್ಣಗೆ 'ಹಾಡಿನೊಂದಿಗೆ' ಎಂದಿದೆ. ಯಾರ ಹಾಡು ಎಂದು ಇಲ್ಲ. ನಾನು ಕಣ್ಣಾರೆ ನೋಡಿದೆ.

ನನಗೆ ಗೊತ್ತಿರದಿದ್ದ ವಿಷಯ ಇನ್ನೊಂದು. ನಮ್ಮಲ್ಲಿ ಗಾಯಕಿ ಎಂದರೆ ಕಛೇರಿಯೇ ಅವಳದು. ಅಲ್ಲಿ ಹಾಗಲ್ಲ. ಜನ ಬರುವುದು ಕುಣಿಯಲು. ಹಾಡುಗಾರ್ತಿ ಪಿಯಾನೊ ಪಕ್ಕದ ಕುರ್ಚಿಯಲ್ಲಿ ಸಾಯಂಕಾಲ ಪೂರ್ತಿ ಕೂರಬೇಕು, ತೊಡೆಯ ಮೇಲೆ ಕೈ, ಮುಖದಲ್ಲಿ ನಗು, ಕಾಲಿನಲ್ಲಿ ಲಯ. ಒಂದೊಂದು ಹಾಡಿನ ಮಧ್ಯೆ ಎದ್ದು ಮೂವತ್ತೆರಡು ಆವರ್ತನ ಹಾಡಬೇಕು, ಅಂದರೆ ಹೆಚ್ಚುಕಡಿಮೆ ಒಂದು ನಿಮಿಷ. ಮತ್ತೆ ಕುರ್ಚಿ. ಹೊತ್ತಾಯಿತು ಎನಿಸಿದರೆ ಮ್ಯಾರಿನರ್ ಅದನ್ನೂ ಹಾರಿಸಿಬಿಡುತ್ತಿದ್ದ.

"ಬೇಜಾರಾಗುತ್ತಿರಲಿಲ್ಲವೇ?" ಎಂದು ಕೇಳಿದೆ.

"ಆ ಒಂದು ನಿಮಿಷಕ್ಕೆ ಮುನ್ನೂರು ಮೈಲಿ ಬಸ್ಸಿನಲ್ಲಿ ಹೋಗುತ್ತಿದ್ದೆ" ಎಂದರು. ಅದು ಹೌದು ಎಂದೋ ಇಲ್ಲ ಎಂದೋ ನನಗೆ ತಿಳಿಯಲಿಲ್ಲ.

ನಿನ್ನೆ ನನ್ನ ಹಾರ್ಮೋನಿಯಂ ಒಯ್ದು ಶ್ರುತಿ ಹಿಡಿದೆ. ಆಗಿನ ಕಾಲಕ್ಕೆ ಅವರದು ಬಿಳಿ ಐದನೆಯ ಮನೆ. ಈಗ ಬಿಳಿ ಎರಡಕ್ಕೆ ಇಳಿದಿದೆ. ಪ್ರಭಂಜನ ಅವರಿಗೆ ಹೇಳಿ, ಎಲ್ಲರ ಸ್ವರಲಿಪಿಯ ಹಾಳೆಗಳನ್ನೂ ಈ ಶ್ರುತಿಗೆ ಬರೆಯಬೇಕು. ಉಸಿರು ಈಗ ಹನ್ನೆರಡು ಸೆಕೆಂಡ್.

ವೈಷ್ಣವಿ


ಅಲೆನ್
30 ಸೆಪ್ಟೆಂಬರ್ 2025

ಪ್ರೀತಿಯ ವೈಷ್ಣವಿ,

ಹನ್ನೆರಡು ಸೆಕೆಂಡ್! ಈ ವಯಸ್ಸಿನಲ್ಲಿ! ನಾನು ಸ್ನಾನದ ಮನೆಯಲ್ಲಿ ಪರೀಕ್ಷೆ ಮಾಡಿಕೊಂಡೆ, ಎಂಟಕ್ಕೆ ಕೆಮ್ಮು ಬಂತು.

ಇಲ್ಲಿ ನಮ್ಮ ಗರಾಜಿನಲ್ಲಿ ಮೂರು ಭಾನುವಾರ ತಾಲೀಮು ಆಯಿತು. ಹದಿನೈದು ಜನ ಸೇರಿದ್ದಾರೆ. ಟ್ರಂಪೆಟ್ ನಾಲ್ಕು, ಟ್ರೊಂಬೋನ್ ಮೂರು, ಸ್ಯಾಕ್ಸೊಫೋನ್ ಐದು, ಪಿಯಾನೊ, ದೊಡ್ಡ ಬಾಸು, ಡ್ರಮ್ಮು. ಮೊದಲ ವಾರ ಪ್ರಭಂಜನ ಗಮಕ ಬಿಡಲೊಲ್ಲ. "ಏನ್ ಮಾರಾಯ್ರೆ, ಸ್ವರ ಅಲ್ಲಾಡದೆ ನಿಂತ್ರೆ ಜೀವ ಇಲ್ಲದ ಹಾಗೆ ಆಗ್ತದಲ್ಲ" ಅಂತಾನೆ. ಸಮರ್ಥ್ ಅವನಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದ. ಎರಡನೆಯ ವಾರಕ್ಕೆ ಕುರ್ಚಿಯ ಮೇಲೆ ಕೂತು ನೆಟ್ಟಗೆ ಊದಿದ. ಎದುರು ಮನೆಯ ಅಮೆರಿಕನ್ ದಂಪತಿ ಡ್ರೈವ್‌ವೇಯಲ್ಲೇ ಕೈ ಹಿಡಿದು ಕುಣಿದರು ಕಣೇ!

ಕಮಿಟಿಯಲ್ಲಿ ಮಾತ್ರ ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು. ಅಧ್ಯಕ್ಷ ಪ್ರಹ್ಲಾದ್, "ರಾಜ್ಯೋತ್ಸವಕ್ಕೂ ಇಂಗ್ಲಿಷ್ ಹಾಡಿಗೂ ಏನ್ರೀ ಸಂಬಂಧ?" ಎಂದರು. ನಾನು, "ಕಲಾವಿದೆಗೆ ಸನ್ಮಾನ ಮಾಡುವುದು ನಮ್ಮ ಸಂಸ್ಕೃತಿ ಅಲ್ಲವೇನ್ರೀ?" ಎಂದೆ. ಸನ್ಮಾನ ಎಂದ ಕೂಡಲೇ ಎಲ್ಲರ ಮುಖ ಅರಳಿತು. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಎಲ್ಲಾ ಮಂಜೂರು. ಸನ್ಮಾನದ ಬೆನ್ನಿಗೇ ಹಾಡು.

ಪುಳಿಯೋಗರೆಯ ಸೇಡು ಅವರಿಗೆ ಇನ್ನೂ ಇದೆ. ನಾನೇನು ಹೆದರುವವಳಲ್ಲ.

ನೀನು ಬರೆದ ಒಂದೊಂದು ಸಾಲನ್ನೂ ನಾಲ್ಕು ಸಲ ಓದಿದೆ. ಹದಿನೇಳು ವರ್ಷದ ಹುಡುಗಿ ಟವೆಲ್ ಹಾಸಿ ಇಸ್ತ್ರಿ ಮಾಡುವುದು ಕಣ್ಣಿಗೆ ಕಟ್ಟಿ ಅತ್ತುಬಿಟ್ಟೆ. ಬ್ಯಾಂಡ್ ಯಾಕೆ ಮುರಿಯಿತು? ಆಮೇಲೆ ಏನು ಮಾಡಿದರು? ಇಷ್ಟು ವರ್ಷ ಎಲ್ಲಿದ್ದರು? ಬೇಗ ಬರೆ.

ವಿಜಯಾ ಆಂಟಿ


ಟೇಲರ್
16 ಅಕ್ಟೋಬರ್ 2025

ಆಂಟಿಗೆ ನಮಸ್ಕಾರ.

ಪ್ರಭಂಜನ ಅವರು ಕಳಿಸಿದ ತಾಲೀಮಿನ ರೆಕಾರ್ಡಿಂಗ್ ಕೇಳಿಸಿದೆ. ಆರ್ಲೀನ್ ಕಣ್ಣು ಮುಚ್ಚಿ ಕೇಳಿ, "ಎರಡನೆಯ ಟ್ರಂಪೆಟ್ಟಿನವನು ಅವಸರದ ಮನುಷ್ಯ" ಎಂದರು. ಸಮರ್ಥನೇ ತಾನೆ? ಹೇಳಿಬಿಡಿ.

ಅವರು ಆರಿಸಿರುವುದು ರೆಕಾರ್ಡಾಗಿದ್ದ ಆ ಒಂದೇ ಹಾಡು: ಚಪ್ಪಲಿ ಇನ್ನೂ ಹರಿದಿಲ್ಲ, ಮನೆಗೆ ಹೋಗು ಎನ್ನಬೇಡ ಎಂದು ಹುಡುಗಿಯೊಬ್ಬಳು ಹೇಳುವ ಹಾಡು. ದಿನಾ ಊಟದ ನಂತರ ಅಭ್ಯಾಸ ಮಾಡುತ್ತಾರೆ. ನೀಲಿ ಬಟ್ಟೆಯೇ ಬೇಕೆಂದರು. ಆಸ್ಟಿನ್‌ಗೆ ಕರೆದುಕೊಂಡು ಹೋಗಿ ಹೊಸ ಗೌನು ಹೊಲಿಸಿಕೊಂಡು ಬಂದೆ.

1946ರ ಡಿಸೆಂಬರಿನಲ್ಲಿ ಬ್ಯಾಂಡ್ ಮುರಿಯಿತಂತೆ. ಅಮರಿಲ್ಲೊ ಹತ್ತಿರ ಹಿಮದಲ್ಲಿ ಬಸ್ ನಿಂತಿತು. ಮ್ಯಾರಿನರ್ ಎದ್ದು, "ಮುಂದಿನ ಊರಿನಲ್ಲಿ ಟಿಕೆಟ್ ಹೋಗಿಲ್ಲ, ಎಲ್ಲರೂ ಮನೆಗೆ ಹೋಗಿ" ಎಂದ, ಅಷ್ಟೇ. ಇವರು ಟೇಲರಿಗೆ ವಾಪಸ್ಸು ಬಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದರು. ಮೂವತ್ತೆಂಟು ವರ್ಷ ಮಕ್ಕಳಿಗೆ ಬಡಿಸಿದರು. ಆ ಭಾಗ ಕೇಳಿದರೆ, "ಅದರಲ್ಲೇನಿದೆ ಹೇಳುವುದು?" ಎನ್ನುತ್ತಾರೆ. ಒತ್ತಾಯ ಮಾಡಿದ್ದಕ್ಕೆ, ಅಳುವ ಮಗುವಿಗೆ ಒಂದು ಬನ್ನು ಹೆಚ್ಚು ಇಡುತ್ತಿದ್ದೆ ಎಂದರು. ಮದುವೆಯಾಗಲಿಲ್ಲ.

ಅವರು ಹಾಡುತ್ತಿದ್ದರು ಎಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಯಾರೂ ಕೇಳಲಿಲ್ಲ.

ಉಸಿರು ಹತ್ತು ಸೆಕೆಂಡ್. ಸಾಕಾಗುತ್ತದೆ. ದಯವಿಟ್ಟು ದಿನಾಂಕ ಮಾತ್ರ ಮುಂದೆ ಹಾಕಬೇಡಿ.

ವೈಷ್ಣವಿ


ಅಲೆನ್
30 ಅಕ್ಟೋಬರ್ 2025

ವೈಷ್ಣವಿ,

ಅವಸರದಲ್ಲಿ ಎರಡೇ ಸಾಲು. ದಿನಾಂಕ ಯಾಕೆ ಮುಂದೆ ಹೋಗುತ್ತದೆ, ಕೈ ಹಿಡಿದು ನಿಲ್ಲಿಸಿದ್ದೇನೆ! ಇಲ್ಲಿನ ಶಾಲೆಯ ಹಾಲ್ ಮಧ್ಯಾಹ್ನ ಒಂದರಿಂದ ಐದರವರೆಗೆ ನಮ್ಮದು. ಮಕ್ಕಳ ಕುಣಿತ ಮುಗಿದು ನಾಲ್ಕೂಕಾಲಿಗೆ ಆರ್ಲೀನ್ ವೇದಿಕೆಗೆ. ನಾಲ್ಕು ನೂರು ಜನ ಬರುತ್ತಾರೆ. ಹ್ಯೂಸ್ಟನ್ನಿನಿಂದ ನಮ್ಮ ಜಯದೇವಿಯೂ ಬರುತ್ತಾಳೆ. ನನಗೆ ಮೂರು ದಿನದಿಂದ ಊಟ ಸೇರುತ್ತಿಲ್ಲ, ಅಷ್ಟು ಸಂಭ್ರಮ.

ಇನ್ನೊಂದು ಇದೆ. ಅದು ಅವರಿಗೂ ನಿನಗೂ ಸರ್ಪ್ರೈಸ್. ಎಷ್ಟು ಕೇಳಿದರೂ ಹೇಳುವುದಿಲ್ಲ. ಇಪ್ಪತ್ತು ದಿನದಿಂದ ಕೂತು ನನ್ನ ಕೈಯಾರೆ ಮಾಡಿದ್ದೇನೆ.

ವಿಜಯಾ ಆಂಟಿ


ಟೇಲರ್
10 ನವೆಂಬರ್ 2025

ವಿಜಯಾ ಆಂಟಿ ಅವರಿಗೆ,

ಶನಿವಾರ ಕ್ಷೇಮವಾಗಿ ತಲುಪಿದೆವು. ಹಣ್ಣಿನ ಬುಟ್ಟಿಯನ್ನು ಹೋಮಿನ ಎಲ್ಲರಿಗೂ ಹಂಚಿದೆ. ಶಾಲು ಮತ್ತು ಪೇಟ ಅವರ ಕೋಣೆಯಲ್ಲಿವೆ.

ಅಲೆನ್ನಿನಿಂದ ಅರ್ಧ ದಾರಿಯ ವೇಕೋವರೆಗೆ ಆರ್ಲೀನ್ ಒಂದು ಮಾತೂ ಆಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ನಿಮಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೇಳಿದರೆ ಕಮಿಟಿಗೆ ತಿಳಿದು ಹೆದರಿ ಕಾರ್ಯಕ್ರಮವನ್ನೇ ಕೈಬಿಡುತ್ತಾರೆ ಎಂದುಕೊಂಡೆ. ಹೃದಯದ ಡಾಕ್ಟರು ಸೆಪ್ಟೆಂಬರಿನಲ್ಲೇ ಹೇಳಿದ್ದರು, ಕ್ರಿಸ್ಮಸ್ ಕಳೆದ ಮೇಲೆ ನಿಂತು ಹಾಡುವಷ್ಟು ಉಸಿರು ಉಳಿಯುವುದಿಲ್ಲ ಅಂತ. ಹದಿನಾಲ್ಕು, ಹನ್ನೆರಡು, ಹತ್ತು ಎಂದು ಪ್ರತಿ ಕಾಗದದಲ್ಲಿ ಬರೆದೆ. ನೀವು ಚಪ್ಪಾಳೆ ಹೊಡೆದಿರಿ. ನಾನು ನೇರವಾಗಿ ಹೇಳಬೇಕಿತ್ತು. ಅದು ನನ್ನ ತಪ್ಪು.

ಇವತ್ತು ಒಂಬತ್ತು ಸೆಕೆಂಡ್.

ವೈಷ್ಣವಿ


ಅಲೆನ್
14 ನವೆಂಬರ್ 2025

ವೈಷ್ಣವಿ, ಮಗಳೇ,

ನೀನು ಪರದೆಯ ಪಕ್ಕದಲ್ಲಿ ನಿಂತು ಎಲ್ಲಾ ನೋಡಿದೆ. ಆದರೂ ನನ್ನ ಬಾಯಿಂದಲೇ ಹೇಳುತ್ತೇನೆ, ಹೇಳದಿದ್ದರೆ ಅನ್ನ ಇಳಿಯುವುದಿಲ್ಲ.

ನನ್ನ ಸರ್ಪ್ರೈಸ್ ಅಂದರೆ ಆ ಬಿನ್ನವತ್ತಳೆ. ದೊಡ್ಡವರಿಗೆ ಸನ್ಮಾನ ಮಾಡುವಾಗ ಅವರ ಜೀವನವನ್ನು ಹೊಗಳಿ ಬರೆದು, ಓದಿ, ಕಟ್ಟು ಹಾಕಿಸಿ ಕೊಡುವುದು ಮೈಸೂರಿನಲ್ಲಿ ನಮ್ಮಪ್ಪನ ಕಾಲದಿಂದ ನೋಡಿದವಳು ನಾನು. ಒಂದು ಪುಟ ಇರಬೇಕು ಅದು. ನಾನು ಒಂಬತ್ತು ಬರೆದೆ. ನಿನ್ನ ಕಾಗದಗಳಲ್ಲಿ ಇದ್ದದ್ದನ್ನೆಲ್ಲ ಸೇರಿಸಿದೆ. ಡ್ರೈವರಿನ ಹಿಂದಿನ ಸೀಟು, ಟವೆಲ್ಲಿನ ಇಸ್ತ್ರಿ, ಅಮರಿಲ್ಲೊದ ಹಿಮ. ಶಾಲೆಯ ಅಡುಗೆಮನೆಗೇ ಎರಡು ಪುಟ. ಯಾವುದನ್ನು ಬಿಡಲಿ, ಎಲ್ಲವೂ ಬಂಗಾರ ಅನಿಸಿತು. ಅವರಿಗೆ ಕನ್ನಡ ತಿಳಿಯದಲ್ಲ ಎಂದು ಮೊಮ್ಮಗಳು ಮಾನ್ಯಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಾನು ಒಂದು ಪ್ಯಾರಾ ಓದುವುದು, ಅವಳು ಅದನ್ನೇ ಇಂಗ್ಲಿಷಿನಲ್ಲಿ ಓದುವುದು. ಒಂಬತ್ತು ಪುಟ ಹದಿನೆಂಟಾಯಿತು. ಮನೆಯಲ್ಲೇ ಮಾನ್ಯಾ ಹೇಳಿದ್ದಳು, "ಅಜ್ಜಿ, ದಿಸ್ ಈಸ್ ವೇ ಟೂ ಲಾಂಗ್." ಮಕ್ಕಳಿಗೇನು ಗೊತ್ತು ಎಂದೆ.

ಪ್ರಹ್ಲಾದ್ ಎರಡು ಸಲ ಚೀಟಿ ಕಳಿಸಿದರು, 'ದಯವಿಟ್ಟು ಮುಗಿಸಿ' ಅಂತ. ಪುಳಿಯೋಗರೆಯ ಹೊಟ್ಟೆಕಿಚ್ಚು ಎಂದುಕೊಂಡು ಚೀಟಿಯನ್ನು ಮಡಚಿ ಕೆಳಗಿಟ್ಟೆ. ಪಾಪ, ಅವರು ಗಡಿಯಾರ ನೋಡುತ್ತಿದ್ದರು. ಹಿಂದೆ ಬ್ಯಾಂಡಿನ ಮಕ್ಕಳು ತೊಡೆಯ ಮೇಲೆ ವಾದ್ಯ ಇಟ್ಟುಕೊಂಡು ಕಾಯುತ್ತಿದ್ದವು. ಆರ್ಲೀನ್ ಆ ಕೆತ್ತನೆಯ ಕುರ್ಚಿಯಲ್ಲಿ ಪೇಟ ಇಟ್ಟುಕೊಂಡು, ಕೈ ತೊಡೆಯ ಮೇಲಿಟ್ಟು ನಗುತ್ತಿದ್ದರು. ಎಂಟನೆಯ ಪುಟದಲ್ಲಿದ್ದೆ. ಐದು ಗಂಟೆ ಹೊಡೆಯಿತು, ಮುಂದಿನ ಕಾರ್ಯಕ್ರಮದವರು ಬಾಗಿಲಲ್ಲಿ ಬಂದು ನಿಂತರು, ಶಾಲೆಯವನು ದೀಪ ಆರಿಸಿದ.

ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ. ಆ ಹೆಂಗಸಿಗೆ ಯಾವತ್ತೂ ಸಿಕ್ಕಿದ್ದು ಒಂದು ನಿಮಿಷ. ಎಪ್ಪತ್ತೊಂಬತ್ತು ವರ್ಷದ ಮೇಲೆ ಅದನ್ನೂ ನಾನು ತಿಂದೆ. ಮ್ಯಾರಿನರನಿಗೂ ನನಗೂ ಏನು ವ್ಯತ್ಯಾಸ?

ಡಾಕ್ಟರು ಹೇಳಿದ್ದನ್ನು ಓದಿದ ಮೇಲೆ ನಿನಗೆ ಫೋನ್ ಮಾಡುವ ಧೈರ್ಯವೂ ಬರಲಿಲ್ಲ. ಅವರ ಕಾಲಿಗೆ ಬೀಳಬೇಕು. ಯಾವ ಮುಖ ಹೊತ್ತು ಬರಲಿ?

ವಿಜಯಾ


ಟೇಲರ್
20 ನವೆಂಬರ್ 2025

ಆಂಟಿ,

ಅಳಬೇಡಿ. ಮೊದಲು ಇದನ್ನು ಓದಿ!

ನೀಲಿ ಗೌನನ್ನು ಒಳಗೆ ಎತ್ತಿಡಲು ಹೋದೆ. ಆರ್ಲೀನ್ ಕೈ ತಡೆದರು. "ಅದು ಬಾಗಿಲ ಮೇಲೇ ಇರಲಿ. ಹ್ಯೂಸ್ಟನ್ ಯಾವತ್ತು?" ಎಂದರು.

ಬುದ್ಧಿ ಮಂಕಾಯಿತೇ ಎಂದು ಇಸವಿ ಕೇಳಿದೆ, ರಾಷ್ಟ್ರಾಧ್ಯಕ್ಷರ ಹೆಸರು ಕೇಳಿದೆ. ಎಲ್ಲಾ ಸರಿ ಹೇಳಿ, "ನನಗೇನೂ ಆಗಿಲ್ಲ ಹುಡುಗಿ. ಡಲ್ಲಾಸಿನಲ್ಲಿ ನನ್ನ ಸರದಿ ತಪ್ಪಿತು. ಡಲ್ಲಾಸ್ ಆದ ಮೇಲೆ ಹ್ಯೂಸ್ಟನ್, ಆಮೇಲೆ ಆಸ್ಟಿನ್. ಯಾವಾಗಲೂ ಹಾಗೇ ಅಲ್ಲವೇ?" ಎಂದರು. ಕೋಪ ಇದೆಯೇ ಎಂದು ತಿಳಿಯಲು ಎಷ್ಟು ನೋಡಿದರೂ ಮುಖದಿಂದ ಏನೂ ಗೊತ್ತಾಗಲಿಲ್ಲ.

ದೇವರು ದೊಡ್ಡವನು. ಮರುದಿನವೇ ಹ್ಯೂಸ್ಟನ್ನಿನ ಜಯದೇವಿ ಆಂಟಿ ಫೋನ್ ಮಾಡಿದರು. "ಅಲ್ಲವಾ ವೈಷ್ಣವಿ, ಆ ಅಜ್ಜಿನ್ನ ಶಾಲು ಹೊಚ್ಚಿ ಹಂಗ ಕಳಿಸಿಬಿಟ್ರಿ? ನಂಗ ನಿದ್ದಿ ಹತ್ತವಲ್ದು. ಡಿಸೆಂಬರ್ ಆರಕ್ಕ ನಮ್ಮ ಮದುವಿ ಆಗಿ ನಲ್ವತ್ತು ವರ್ಷ ಆಕ್ಕೈತಿ. ಹಾಲ್ ಬುಕ್ ಐತಿ, ಕುಣಿಯಾಕ ಜಾಗಾ ಐತಿ. ಆಕಿ ಬಂದು ಹಾಡಲಿ. ಇವರಿಗೂ ಹೇಳೀನಿ" ಎಂದರು. ಅವರ ಯಜಮಾನರು ಬಸಲಿಂಗಪ್ಪ, ಇಳಕಲ್ಲಿನಿಂದ ಗ್ರಾನೈಟ್ ತರಿಸಿ ಅಡುಗೆಕಟ್ಟೆ ಮಾಡಿಸಿಕೊಡುವವರು, ಹಿಂದಿನಿಂದ "ಎರಡು ತಾಸು ಹಾಡ್ಲಿ ಬಿಡ್ರಿ!" ಎಂದು ಕೂಗಿದರು.

ಉಸಿರು ಒಂಬತ್ತರಲ್ಲೇ ನಿಂತಿದೆ. ಆಂಟಿ, ಬ್ಯಾಂಡ್ ಬೇಕು. ನೀವೂ ಬೇಕು.

ವೈಷ್ಣವಿ


ಅಲೆನ್
27 ನವೆಂಬರ್ 2025

ವೈಷ್ಣವಿ,

ಬ್ಯಾಂಡ್ ಬರುತ್ತದೆ. ಎರಡು ವ್ಯಾನು, ಹದಿನೈದು ಜನ, ಪ್ರಭಂಜನನ ಉಸ್ತುವಾರಿ. ದಾರಿಗೆ ಚಪಾತಿ, ಚಟ್ನಿಪುಡಿ, ಮೊಸರನ್ನ ನನ್ನ ಲೆಕ್ಕ. ಸಮರ್ಥ್ ಈಗ ಅವಸರ ಮಾಡುವುದಿಲ್ಲ, ಕಾಲಿನಿಂದ ತಾಳ ಹಾಕಿಕೊಂಡು ಊದುತ್ತಾನೆ.

ನಾನು ಬರುವುದಿಲ್ಲ. ಮೈಕ್ ಕಂಡರೆ ನನ್ನ ಕೈ ತಡೆಯುವುದಿಲ್ಲ, ಇದು ನನಗೇ ಗೊತ್ತಿರುವ ವಿಷಯ. ಒತ್ತಾಯ ಮಾಡಬೇಡ.

ಬಸಲಿಂಗಪ್ಪನವರಿಗೂ ಮೈಕ್ ಕೊಡಬೇಡಿ.

ವಿಜಯಾ


ಟೇಲರ್
8 ಡಿಸೆಂಬರ್ 2025

ವಿಜಯಾ ಆಂಟಿಗೆ ವೈಷ್ಣವಿಯ ಸಾವಿರ ನಮಸ್ಕಾರ.

ಹಾಡಿದರು!

ಮೊದಲಿನಿಂದ ಹೇಳುತ್ತೇನೆ. ಹಾಲಿನಲ್ಲಿ ಇನ್ನೂರು ಜನ, ಹೋಳಿಗೆಯ ವಾಸನೆ. ಬಸಲಿಂಗಪ್ಪನವರು ಕೋಟಿನ ಜೇಬಿನಿಂದ ಹಾಳೆ ತೆಗೆದು ಮೈಕಿನ ಹತ್ತಿರ ಹೋದರು. ಜಯದೇವಿ ಆಂಟಿ ಅವರ ತೋಳು ಹಿಡಿದೆಳೆದು, "ನಲ್ವತ್ತು ವರ್ಷ ನೀವ ಮಾತಾಡೀರಿ, ಸಾಕ ಮಾಡ್ರಿ" ಎಂದರು. ಎಲ್ಲರೂ ನಕ್ಕರು. ಪ್ರಭಂಜನ ಕೈ ಎತ್ತಿದರು, ಬ್ಯಾಂಡ್ ಶುರುವಾಯಿತು.

ಆರ್ಲೀನ್ ಎದ್ದು ಎರಡು ಸಾಲು ಹಾಡಿ, ಕೈ ಮೇಲೆತ್ತಿ ಬ್ಯಾಂಡ್ ನಿಲ್ಲಿಸಿಬಿಟ್ಟರು! ಎರಡು ಸಾಲಿನ ಉಸಿರು ದಂಡವಾಯಿತಲ್ಲ ಎಂದು ಎದ್ದು ನಿಂತುಬಿಟ್ಟೆ. ಅವರು ಹಿಂದೆ ತಿರುಗಿ, "ಟ್ರಂಪೆಟ್ ಹುಡುಗರೇ, ನನ್ನನ್ನು ಅಜ್ಜಿ ಅಂತ ಮೆತ್ತಗೆ ಊದುತ್ತಿದ್ದೀರಿ. ಸರಿಯಾಗಿ ಊದಿ" ಎಂದರು. ಸಮರ್ಥ್ ಕೆಂಪಗಾದ. ಮತ್ತೆ ಮೊದಲಿನಿಂದ. ಆಂಟಿ, ಈ ಸಲ ಹೇಗೆ ಊದಿದರು ಎಂದರೆ ಆರ್ಲೀನ್ ಅವರ ಬಿಳಿ ಕೂದಲು ಅಲುಗಾಡಿತು. ಮೂವತ್ತೆರಡು ಆವರ್ತನ, ಒಂದು ಅಕ್ಷರ ಬಿಡದೆ ಹಾಡಿದರು. ದನಿ ತಗ್ಗಿದೆ, ಅಂಚು ಒರಟಾಗಿದೆ, ಆದರೆ ಲಯ ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಜಯದೇವಿ ಆಂಟಿ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಯಜಮಾನರನ್ನು ಎಳೆದು ಕುಣಿದರು. ಅವರ ಹಿಂದೆ ಹಾಲಿಗೆ ಹಾಲೇ ಎದ್ದಿತು. ಕೇಳುವ ಜನ ಅಲ್ಲ, ಕುಣಿಯುವ ಜನ ಬೇಕಿತ್ತು ಅವರಿಗೆ. ನಮಗೆ ಡಲ್ಲಾಸಿನಲ್ಲಿ ಅದೂ ಹೊಳೆದಿರಲಿಲ್ಲ.

ನಾನು ಗೊಳೋ ಎಂದು ಅತ್ತೆ. ನಾಚಿಕೆ ಏನಿಲ್ಲ.

ಆಮೇಲೆ ಪಕ್ಕದ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟೆ. ಉಸಿರು ಹದಕ್ಕೆ ಬರಲು ಹತ್ತು ನಿಮಿಷ ಹಿಡಿಯಿತು. ಬಂದ ಕೂಡಲೇ, "ಆ ಓದುವ ಹೆಂಗಸು ಎಲ್ಲಿ?" ಎಂದರು. ನೀವು ನಿಮಗೇ ಶಿಕ್ಷೆ ಕೊಟ್ಟುಕೊಂಡು ಮನೆಯಲ್ಲಿ ಕೂತಿದ್ದೀರಿ ಎಂದು ಹೇಳಿದೆ. ನಿಮ್ಮಿಂದ ಹಾಡು ತಪ್ಪಿಹೋಯಿತು ಎಂದು ನೀವು ಅತ್ತದ್ದನ್ನೂ ಹೇಳಿದೆ.

ಅವರಿಗೆ ಅರ್ಥವೇ ಆಗಲಿಲ್ಲ. "ಅವಳಿಂದ ಯಾಕೆ ತಪ್ಪುತ್ತದೆ? ನನ್ನ ಎದುರಿನ ಬಾಗಿಲ ಮೇಲೆ ಇಷ್ಟು ದೊಡ್ಡ ಗಡಿಯಾರ ಇತ್ತು. ಐದಕ್ಕೆ ಹತ್ತು ನಿಮಿಷ ಇದ್ದಾಗಲೇ ನೋಡಿದೆ. ಎರಡು ವರ್ಷ ಊರೂರಲ್ಲಿ ಗಡಿಯಾರ ನೋಡುತ್ತಾ ಕೂತವಳು ನಾನು. ಇವತ್ತು ಬ್ಯಾಂಡ್ ನಿಲ್ಲಿಸಿದ ಹಾಗೆ ಕೈ ಎತ್ತಿದ್ದರೆ ಅವಳೂ ನಿಲ್ಲುತ್ತಿದ್ದಳು" ಎಂದರು.

"ಮತ್ತೆ ಯಾಕೆ ಎತ್ತಲಿಲ್ಲ?" ಎಂದೆ.

ನೀರಿನ ಲೋಟ ಕೆಳಗಿಟ್ಟರು. "ಅಡುಗೆಮನೆಯ ಭಾಗ ಬಂದಿತ್ತು. ಆ ಮಗು ಇಂಗ್ಲಿಷಿನಲ್ಲಿ ಓದುತ್ತಿತ್ತು, ಒಂದು ಬನ್ನು ಹೆಚ್ಚು ಇಟ್ಟದ್ದನ್ನು. ನಾಲ್ಕು ನೂರು ಜನ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಹಾಡನ್ನು ಇನ್ನೊಂದು ಊರಿನಲ್ಲಿ ಹಾಡಿಕೊಳ್ಳಬಹುದು. ನನ್ನ ಬಗ್ಗೆ ಯಾರು ಅಷ್ಟು ಹೊತ್ತು ಮಾತಾಡಿದ್ದಾರೆ?" ಎಂದರು.

ವೇಕೋವರೆಗೆ ಅವರು ಸುಮ್ಮನಿದ್ದದ್ದನ್ನು ನಾನು ಏನೆಂದುಕೊಂಡಿದ್ದೆ ನೋಡಿ.

ಆಂಟಿ, ನಿಮ್ಮ ಬಿನ್ನವತ್ತಳೆ ಇನ್ನೂ ಒಂದೂವರೆ ಪುಟ ಉಳಿದಿದೆಯಂತೆ. ಈ ಶನಿವಾರ ಮಧ್ಯಾಹ್ನ ಎರಡಕ್ಕೆ ಹೋಮಿಗೆ ಬಂದು ಓದಬೇಕೆಂದು ಹೇಳಿಕಳಿಸಿದ್ದಾರೆ. ಮಾನ್ಯಾಳನ್ನೂ ಕರೆದುಕೊಂಡು ಬನ್ನಿ. ಊಟದ ಕೋಣೆಯಲ್ಲಿ ಎಲ್ಲರನ್ನೂ ಸೇರಿಸುವುದು ನನ್ನ ಕೆಲಸ. ಆ ಕೋಣೆಯ ಗಡಿಯಾರವನ್ನು ಅವರೇ ಆಳಿಗೆ ಹೇಳಿ ಇಳಿಸಿದ್ದಾರೆ.

ನಿಮ್ಮ
ವೈಷ್ಣವಿ